ಕಮಲಾಪುರಕ್ಕೆ ಒಯ್ದ ಮೂರು ಲ್ಯಾಪ್‌ಟಾಪ್

2008ರ ಅಕ್ಟೋಬರ್ 10, ಶುಕ್ರವಾರ, ಬೆಳಿಗ್ಗೆ ಒಂಬತ್ತೂವರೆ. ವಿಜಯದಶಮಿಯ ಮರುದಿನ. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ. ಆ ಹೊತ್ತಿಗೆ ಅಲ್ಲಿದ್ದವರು ಮೂವರು: ನಾನು, ನನ್ನ ಮೆಕ್ಯಾನಿಕ್ ಮೆಹಬೂಬ್, ಮತ್ತು ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದು, ಶಟರ್ ಎತ್ತುವುದನ್ನೇ ಕಾಯುತ್ತ ಮೆಟ್ಟಿಲ ಮೇಲೆ ಕುಳಿತಿದ್ದ ಮಹಾದೇವಿ. ಆಕೆ ಅಂಗನವಾಡಿ ಕಾರ್ಯಕರ್ತೆ. ತೊಡೆಯ ಮೇಲೆ ಒಂದು ಚೀಲ. ಚೀಲದೊಳಗೆ ಟವೆಲಿನಲ್ಲಿ ಸುತ್ತಿದ ಲ್ಯಾಪ್‌ಟಾಪ್. ಕೂಸನ್ನು ದವಾಖಾನೆಗೆ ತಂದವರು ಹಿಡಿದುಕೊಳ್ಳುವ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ನಾನು ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿ ವೈರ್‌ಲೆಸ್ ಸೆಟ್‌ಗಳ ಮೆಕ್ಯಾನಿಕ್ ಆಗಿದ್ದವನು. ನಿವೃತ್ತನಾಗಿ ಊರಿಗೆ ಬಂದು ಅಂಗಡಿ ತೆರೆದ ಮೇಲೂ ಅಲ್ಲಿಯ ಕ್ರಮವನ್ನು ಬಿಡಲಿಲ್ಲ. ಬಂದ ಯಂತ್ರವನ್ನು ಮೊದಲು ಕಣ್ಣಿನಿಂದ ನೋಡಬೇಕು, ಆಮೇಲೆ ಮೂಗಿನಿಂದ, ಆಮೇಲೆ ಕಿವಿಯಿಂದ. ಕೈ ಹಚ್ಚುವುದು ಕಡೆಗೆ. ಸ್ವಿಚ್ ಒತ್ತುವ ಮುಂಚೆ ಮಾಲಕರ ಬಾಯಿಂದ ಪೂರ್ತಿ ಸಂಗತಿ ಕೇಳಬೇಕು. ಮೆಹಬೂಬ್ ಇದಕ್ಕೆ ನಗುತ್ತಿದ್ದ. "ಸಾಬ್ ಮಷೀನಿಗೆ ನಾಡಿ ನೋಡ್ತಾರ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದ.

ಕಣ್ಣಿಗೆ ಕಂಡದ್ದು ಇದು. ಹಳೆಯ, ದಪ್ಪ ಲ್ಯಾಪ್‌ಟಾಪ್. ಕೆಲವು ಕೀಗಳ ಮೇಲೆ ಹಣೆಗೆ ಹಚ್ಚುವ ಟಿಕಳಿ ಅಂಟಿಸಿದ್ದರು: ಕೆಂಪು, ಹಸಿರು, ಹಳದಿ, ಕರಿಯ. ಮುಚ್ಚಳದ ಮೇಲೆ ಅರಿಷಿಣದ ಬೆರಳಚ್ಚು. ತಳದ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಬಿಸಿಗೆ ಸೊಟ್ಟಗಾಗಿತ್ತು. ಬಿಸಿಗಾಳಿ ಹೊರಹೋಗುವ ಜಾಲರಿಯನ್ನು ಮೆಹಬೂಬ್ ಬ್ರಶ್‌ನಿಂದ ಕೆದಕಿದ.

"ಸಾಬ್, ಇದರೊಳಗ ಕುಂಕುಮ ಅದ ನೋಡ್ರಿ. ಬಟ್ಟಿ ಎಳಿನೂ ಸಿಕ್ಕಾವ. ಪಂಖಾ ಪೂರಾ ಜಾಮ್."

ಮಹಾದೇವಿ ತಲೆ ತಗ್ಗಿಸಿ, "ಖಂಡೆ ಪೂಜಿಗೆ ಇಟ್ಟಿದ್ವಿರಿ" ಎಂದಳು.

ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ನೇಗಿಲು, ಕುಡಗೋಲು, ಹೊಲಿಗೆ ಯಂತ್ರ, ಸ್ಕೂಟರ್ ಎಲ್ಲವನ್ನೂ ಇಡುತ್ತಾರೆ. ಲ್ಯಾಪ್‌ಟಾಪ್ ಇಟ್ಟರೆ ತಪ್ಪೇನಿಲ್ಲ. "ಇಟ್ಟಾಗ ಬಂದ್ ಮಾಡಿದ್ರೋ, ಚಾಲೂ ಇತ್ತೋ?" ಎಂದು ಕೇಳಿದೆ.

"ಚಾಲೂನೇ ಇತ್ತರಿ. ಅವ್ವ ಬಂದ್ ಮಾಡಗೊಡ್ಲಿಲ್ಲ."

ಆಕೆ ಹೇಳಿದ ಸಂಗತಿಯನ್ನು ಕ್ರಮವಾಗಿ ಬರೆಯುತ್ತೇನೆ. ಮಹಾದೇವಿಯ ಅಣ್ಣ ಶರಣಬಸಪ್ಪ, ಮನೆಯವರ ಬಾಯಲ್ಲಿ ಶರಣು, ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದ. ಬಸ್ಸುಗಳ ಬರುಹೋಗು ಬರೆದುಕೊಳ್ಳುವುದು, ಮೈಕಿನಲ್ಲಿ ಕೂಗುವುದು ಅವನ ಕೆಲಸ. ನಲವತ್ತು ತುಂಬುವ ಮೊದಲೇ ಮೋಟಾರ್ ನ್ಯೂರಾನ್ ಎಂಬ ಕಾಯಿಲೆ ಹಿಡಿಯಿತು. ಇದರಲ್ಲಿ ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಗಳು ಒಂದೊಂದಾಗಿ ಸಾಯುತ್ತವೆ. ಬುದ್ಧಿ, ಕಣ್ಣು, ಕಿವಿ ನೆಟ್ಟಗಿರುತ್ತವೆ; ಕೈಕಾಲು, ನಾಲಿಗೆ, ಕಡೆಗೆ ಉಸಿರು ನಿಲ್ಲುತ್ತದೆ. ಔಷಧ ಇಲ್ಲ. ಹೈದರಾಬಾದಿನ ಡಾಕ್ಟರು ಇದನ್ನು ಮುಚ್ಚಿಡದೆ ಹೇಳಿ, "ಮಾತು ಹೋಗುವ ಮೊದಲು ನಿಮ್ಮ ದನಿ ರೆಕಾರ್ಡ್ ಮಾಡಿಟ್ಟುಕೊಳ್ಳಿ" ಎಂದಿದ್ದರು.

ಶರಣು ಹಾಗೇ ಮಾಡಿದ್ದ. ಡಿಪೋದ ಗೆಳೆಯರು ಕೊಡಿಸಿದ ಈ ಹಳೆಯ ಲ್ಯಾಪ್‌ಟಾಪಿನಲ್ಲಿ ತನ್ನ ದನಿಯಲ್ಲಿ ಮನೆಯ ಮಾತುಗಳನ್ನೆಲ್ಲ ತುಂಬಿಸಿದ್ದ. ಒಂದೊಂದು ಕೀಗೆ ಒಂದೊಂದು ಮಾತು. ಕೆಂಪು ಟಿಕಳಿ ಒತ್ತಿದರೆ "ಅವ್ವಾ, ನೀರ ಕೊಡು". ಹಸಿರು ಒತ್ತಿದರೆ "ಮಗ್ಗಲಾ ಬದಲಿಸ". ಕರಿಯದು ಒತ್ತಿದರೆ "ಅವ್ವಾ ಲಗೂನ ಬಾ, ಉಸುರು ಹಿಡೀತದ". ಮಾತು ನಿಂತು ಒಂದು ವರ್ಷದ ಮೇಲಾಗಿತ್ತು. ಬಲಗೈ ತೋರುಬೆರಳೊಂದು ಮಾತ್ರ ಆಡುತ್ತಿತ್ತು. ಮಹಾದೇವಿ ಹಗಲಿಡೀ ಅಂಗನವಾಡಿಯಲ್ಲಿ. ಮನೆಯಲ್ಲಿ ತಾಯಿ ನಾಗಮ್ಮ ಒಬ್ಬರೇ. ಅವರಿಗೆ ಓದು ಬಾರದು, ಪರದೆಯ ಮೇಲೆ ಬರೆದು ತೋರಿಸಿ ಪ್ರಯೋಜನವಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದವರನ್ನು ಹೊರಗೆ ಕರೆಯಲು ಇದ್ದದ್ದು ಆ ದನಿ ಒಂದೇ.

ನಾಗಮ್ಮನ ಮಟ್ಟಿಗೆ ಅದು ಯಂತ್ರವಾಗಿರಲಿಲ್ಲ, ಮಗನ ಬಾಯಿ ಆಗಿತ್ತು. ನವರಾತ್ರಿಗೆ ಅವರ ಮನೆಯಲ್ಲಿ ಘಟ್ಟ ಹಾಕುತ್ತಾರೆ. ಮಣ್ಣಿನಲ್ಲಿ ಕಾಳು ಬಿತ್ತಿ ಕಲಶ ಇಟ್ಟು, ಪಕ್ಕದಲ್ಲಿ ಹಚ್ಚಿದ ದೀಪವನ್ನು ಹಬ್ಬ ಮುಗಿಯುವ ತನಕ ಆರಗೊಡುವುದಿಲ್ಲ. ನವಮಿಯ ದಿನ ನಾಗಮ್ಮ ಲ್ಯಾಪ್‌ಟಾಪನ್ನು ಆ ದೀಪದ ಪಕ್ಕದಲ್ಲಿಟ್ಟು, ಹೊಸ ಖಣದ ಬಟ್ಟೆ ಹೊದಿಸಿ, ಕುಂಕುಮ ಏರಿಸಿದ್ದರು. ಮಹಾದೇವಿ ಬಂದ್ ಮಾಡಲು ಹೋದಾಗ, "ದೀಪ ಆರಬಾರದಂದ್ರ ಇದೂ ಆರಬಾರದು. ನನ್ನ ಮಗನ ದನಿ ಅದ ಅದರಾಗ" ಎಂದು ಕೈ ಹಿಡಿದಿದ್ದರು. ಪೂಜೆಗೆ ಇಟ್ಟ ಆಯುಧವನ್ನು ದಶಮಿಯ ಬನ್ನಿ ಮುಡಿಯುವ ತನಕ ಎತ್ತುವಂತಿಲ್ಲ. ಹಾಗಾಗಿ ಒಂದು ಹಗಲು, ಒಂದು ರಾತ್ರಿ, ಮತ್ತೆ ಒಂದು ಹಗಲು ಆ ಯಂತ್ರ ಖಣದೊಳಗೆ ಉಸಿರುಕಟ್ಟಿ ನಡೆಯಿತು. ದಶಮಿಯ ಸಂಜೆ ಆರತಿ ಮಾಡಿ, ನಾಗಮ್ಮ ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು ಮಣೆಯ ಮೇಲೆ ಇಡುವಾಗ ಬಿಸಿಗೆ ಕೈ ಜಾರಿತು. ಬಿದ್ದದ್ದು ಗೇಣಿನಷ್ಟು ಎತ್ತರದಿಂದ.

"ಆಮ್ಯಾಗ ಕೆಂಪು ಟಿಕಳಿ ಒತ್ತಿದ್ರ ಬರೇ ಕಿಟಿಕಿಟಿ ಅಂತದರಿ" ಎಂದಳು ಮಹಾದೇವಿ.

ಅಷ್ಟು ಕೇಳಿದ ಮೇಲೆ ನನಗೆ ಬಹಳ ಪರೀಕ್ಷೆ ಬೇಕಿರಲಿಲ್ಲ. ಹಾರ್ಡ್ ಡಿಸ್ಕ್ ಎಂದರೆ ಕನ್ನಡಿಯಂಥ ತಟ್ಟೆಗಳು. ಅವು ಗಿರ್ರನೆ ತಿರುಗುತ್ತಿರುತ್ತವೆ. ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಒಂದು ಸಣ್ಣ ತಲೆ ಅವುಗಳ ಮೇಲೆ ತೇಲುತ್ತ ಓದುತ್ತದೆ. ಅತಿ ಬಿಸಿಯಾಗಿ ತಿರುಗುತ್ತಿರುವಾಗ ಪೆಟ್ಟು ಬಿದ್ದರೆ ಆ ತಲೆ ತಟ್ಟೆಗೆ ತಾಗಿ ಕೆರೆಯುತ್ತದೆ. ಕೆರೆದ ಜಾಗದಲ್ಲಿ ಬರೆದದ್ದು ಪುಡಿಯಾಗಿ ಹಾರಿಹೋಗುತ್ತದೆ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ ಒಂದೇ ಸಲ ಕರೆಂಟು ಕೊಟ್ಟು ಕಿವಿಗೊಟ್ಟೆ. ಕಿಟಿಕಿಟಿಯ ಹಿಂದೆ ಕೊಡಲಿ ಮಸೆದಂಥ ಸಣ್ಣ ಶಬ್ದ. ತಕ್ಷಣ ತೆಗೆದೆ. ಪುಣೆಯಲ್ಲಿ ಇಂಥ ಡಿಸ್ಕ್‌ಗಳಿಂದ ಫೈಲ್ ತೆಗೆಯುವ ಪರಿಚಯದವರೊಬ್ಬರಿಗೆ ಫೋನ್ ಮಾಡಿ ಆ ಶಬ್ದವನ್ನು ವಿವರಿಸಿದೆ. "ಕಳಿಸಿ, ನೋಡೋಣ. ಅವರಿಗೆ ಆಸೆ ಮಾತ್ರ ಹಚ್ಚಬೇಡಿ" ಎಂದರು. ಅಂದೇ ಕೊರಿಯರ್ ಮಾಡಿದೆ. ಅದರ ಉತ್ತರ ಬಂದದ್ದು ದೀಪಾವಳಿ ಕಳೆದ ಮೇಲೆ. ಇಲ್ಲಿಯೇ ಹೇಳಿಬಿಡುತ್ತೇನೆ: ಒಂದು ಫೈಲೂ ಸಿಗಲಿಲ್ಲ.

ಬೇರೆ ಕಡೆ ಪ್ರತಿ ಇದೆಯೇ ಎಂದು ಕೇಳಿದೆ. ಸಿ.ಡಿ. ಮಾಡಿಸಿರಲಿಲ್ಲ. ಮೊಬೈಲಿನಲ್ಲಿ ಇಲ್ಲ. ಬಸ್ ನಿಲ್ದಾಣದಲ್ಲಿ ಕೂಗಿದ್ದನ್ನು ಯಾರೂ ರೆಕಾರ್ಡ್ ಮಾಡುವುದಿಲ್ಲ. ಮಹಾದೇವಿಗೆ ಏನೋ ಹೊಳೆಯಿತು. ಚೀಲದಿಂದ ಚಿಕ್ಕಪ್ಪನ ಮಗನ ಮದುವೆಯ ಸಿ.ಡಿ. ತೆಗೆದಳು. "ಇದರಾಗ ಅಣ್ಣ ಬೀಗರ ಜೋಡಿ ಭಾಳ ಮಾತಾಡ್ಯಾನ್ರಿ. ನಗಸಾಕತ್ತಾನ ಎಲ್ಲಾರಿಗೂ."

ಹಾಕಿ ನೋಡಿದೆವು. ಶರಣು ಇದ್ದ. ಗುಲಾಬಿ ಬಣ್ಣದ ರುಮಾಲು ಸುತ್ತಿಕೊಂಡು, ಕೈ ಎತ್ತಿ, ತುಟಿ ಆಡಿಸುತ್ತ ಏನೋ ಹೇಳುತ್ತಿದ್ದ; ಸುತ್ತಲಿನವರು ಬಿದ್ದು ಬಿದ್ದು ನಗುತ್ತಿದ್ದರು. ಆದರೆ ಸ್ಟುಡಿಯೋದವರು ಆರಂಭದಿಂದ ಕೊನೆಯವರೆಗೆ ಸಿನಿಮಾ ಹಾಡು ಕೂಡಿಸಿದ್ದರು. ಆ ದಿನಗಳಲ್ಲಿ ಎಲ್ಲ ಮದುವೆ ಸಿ.ಡಿ.ಗಳನ್ನೂ ಹಾಗೇ ಮಾಡುತ್ತಿದ್ದರು. ಮೆಹಬೂಬ್ ಫೋಟೋ ಸ್ಟುಡಿಯೋಗೆ ಫೋನ್ ಮಾಡಿದ. ಮೂಲ ಟೇಪಿನ ಮೇಲೆ ಬೇರೆ ಮದುವೆಗಳು ಏರಿ ಹೋಗಿದ್ದವು. ಮಹಾದೇವಿ ಆ ಹಾಡು ಮುಗಿಯುವ ತನಕ ಪರದೆಯಿಂದ ಕಣ್ಣು ಕೀಳಲಿಲ್ಲ. ನಾನೂ ಬಂದ್ ಮಾಡಲಿಲ್ಲ.

ಕೀ ಒತ್ತಿದರೆ ಮಾತಾಡುವ ಪ್ರೋಗ್ರಾಂ ದೊಡ್ಡದಲ್ಲ. ಅದನ್ನು ಹೊಸ ಲ್ಯಾಪ್‌ಟಾಪಿಗೆ ನಾನೇ ಹಾಕಿಕೊಡಬಲ್ಲೆ. ಹೊಸ ಲ್ಯಾಪ್‌ಟಾಪ್ ಇವತ್ತೇ ಆಗಬೇಕಿತ್ತು. ಹಿಂದಿನ ರಾತ್ರಿ ಗಂಟಲಲ್ಲಿ ಕಫ ಸಿಕ್ಕಿ ಶರಣು ಒದ್ದಾಡಿದಾಗ ಮಹಾದೇವಿ ಪಕ್ಕದಲ್ಲೇ ಇದ್ದುದರಿಂದ ಉಳಿದ. ಸೋಮವಾರದಿಂದ ಆಕೆ ಮತ್ತೆ ಅಂಗನವಾಡಿಗೆ.

ಬಳಸುವವರ ಕೈ ಸೋಕದೆ ಲ್ಯಾಪ್‌ಟಾಪ್ ಮಾರುವುದು ನನ್ನ ಕ್ರಮದಲ್ಲಿಲ್ಲ. ಸೈನ್ಯದಲ್ಲಿ ಬೂಟು ಕೂಡ ಕಾಲಿಗೆ ಹಾಕಿ ನೋಡದೆ ಕೊಡುತ್ತಿರಲಿಲ್ಲ. ಶರಣು ಕಲಬುರಗಿಗೆ ಬರುವಂತಿರಲಿಲ್ಲ. ಆದ್ದರಿಂದ ಮೂರು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು, ಮೆಹಬೂಬ್‌ನನ್ನು ಕರೆದುಕೊಂಡು, ಮಹಾದೇವಿಯ ಜೊತೆ ಮಧ್ಯಾಹ್ನದ ಬಸ್ಸು ಹತ್ತಿದೆ.

ಮನೆ ಸಂತೆ ಬಯಲಿನ ಹಿಂದೆ. ಪಡಸಾಲೆಯಲ್ಲಿ ಕಿಟಕಿಗೆ ತಲೆಯಾಗಿ ಮಂಚ. ಮಂಚದ ಮೇಲೆ ಶರಣು. ಒಣಗಿದ ಮೈ. ಕಣ್ಣು ಮಾತ್ರ ಬಸ್ ನಿಲ್ದಾಣದ ಕಂಟ್ರೋಲರನದೇ: ಒಳಗೆ ಬಂದ ಮೂವರನ್ನೂ ಒಂದೇ ಏಟಿಗೆ ಎಣಿಸಿದ. ಮಂಚಕ್ಕೆ ಅಡ್ಡಲಾಗಿ ಬಡಿಗೇರರು ಮಾಡಿಕೊಟ್ಟ ಕಿರಿದಾದ ಹಲಗೆ. ಅದರ ಮೇಲೆ ಅವನ ಬಲಗೈ. ಘಟ್ಟ ಇನ್ನೂ ಗೂಡಿನಲ್ಲಿ ಇತ್ತು, ಬಿತ್ತಿದ ಕಾಳು ಮೊಳಕೆಯೊಡೆದು ಗೇಣುದ್ದ ಬೆಳೆದಿತ್ತು. ನಾಗಮ್ಮ ನಮಗೆ ಬನ್ನಿ ಕೊಟ್ಟು, "ಬಂಗಾರದಂಗ ಇರ್ರೆಪಾ" ಎಂದು, ಚಾ ಇಡಲು ಒಳಗೆ ಹೋದರು.

ಯಂತ್ರವಿಲ್ಲದಾಗ ಶರಣು ಮಾತಾಡುವ ಕ್ರಮ ಹೀಗಿತ್ತು. ಮಹಾದೇವಿ ವರ್ಣಮಾಲೆ ಹೇಳುತ್ತಾಳೆ, ಮೊದಲು ಸಾಲು, ಆಮೇಲೆ ಅಕ್ಷರ: "ಅ ಸಾಲೇನು? ಕ ಸಾಲೇನು? ಚ ಸಾಲೇನು?" ಬೇಕಾದಲ್ಲಿ ಅವನು ಬೆರಳು ಎತ್ತುತ್ತಾನೆ. ಒಂದು ಮಾತು ಕೂಡುವುದಕ್ಕೆ ಚಾ ಆರುವಷ್ಟು ಹೊತ್ತು.

ಮೊದಲ ಲ್ಯಾಪ್‌ಟಾಪ್ ಹಲಗೆಯ ಮೇಲೆ ಕೂಡಲೇ ಇಲ್ಲ, ಅಗಲವಾಯಿತು. ಎರಡನೆಯದು ಚೆನ್ನಾಗಿ ಕೂತಿತು. ಕೀಗಳು ದೊಡ್ಡವು, ಬಹಳ ಹಗುರ; ಶರಣುವಿನ ಬೆರಳು ಸೋಕಿದರೆ ಸಾಕು, ಇಳಿಯುತ್ತಿದ್ದವು. ಸ್ಪೀಕರ್ ಗಟ್ಟಿ. ಮೂರನೆಯದು ಆಗ ತಾನೇ ಹೈದರಾಬಾದಿನಿಂದ ಬಂದಿದ್ದ ಪುಟ್ಟ ನೆಟ್‌ಬುಕ್. ಕೀಗಳು ಸಣ್ಣವು, ಬಿಗಿ. ಅದಕ್ಕಿದ್ದ ಗುಣ ಒಂದೇ: ಒಳಗೆ ತಿರುಗುವ ಡಿಸ್ಕ್ ಇಲ್ಲ. ಎಲ್ಲವೂ ಪೆನ್ ಡ್ರೈವಿನ ಹಾಗೆ ಚಿಪ್‌ನಲ್ಲಿ. ಬಿಸಿಯಾದರೆ ತಾನೇ ಬಂದ್ ಆಗುತ್ತದೆ, ಬಿದ್ದರೂ ಬರೆದದ್ದು ಅಳಿಯುವ ಭಯ ಕಡಿಮೆ. ಬೇರೆ ಕೀಬೋರ್ಡ್ ಜೋಡಿಸಬಹುದಿತ್ತು; ಆದರೆ ಅದರ ಕೀಗಳು ಇನ್ನೂ ಆಳ, ಇನ್ನೂ ಬಿಗಿ.

ಇದನ್ನೆಲ್ಲ ನಾನು ಶರಣುವಿಗೇ ಹೇಳಿದೆ. ಕಾಯಿಲೆಯವರ ಎದುರಿಗೆ ಅವರ ಮನೆಯವರೊಡನೆ ಮಾತಾಡುವುದು ನನಗೆ ಸರಿಬರುವುದಿಲ್ಲ. "ಎರಡನೇದು ತಗೋಬೇಕಂತ ನನ್ನ ಅಭಿಪ್ರಾಯ. ಬೆರಳಿಗೆ ಸುಖ. ವಾರಂಟಿ ಒಂದು ವರ್ಷದ್ದು ಅದ, ಬೇಕಂದ್ರ ಮೂರು ವರ್ಷದ್ದೂ ಸಿಗತದ" ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಶರಣುವಿನ ಕಣ್ಣು ನಕ್ಕಿತು. ಬೆರಳು ಎತ್ತಿದ. ಮಹಾದೇವಿ ಸಾಲು ಹೇಳುತ್ತ ಹೋದಳು, ಅಕ್ಷರ ಕೂಡಿಸಿದಳು. ಕೂಡಿದ ಮಾತು: "ಮಷೀನಿಗೆ ಮೂರು. ನನಗ ಯಾರ ಬರಕೊಡ್ತಾರ?"

ಮೆಹಬೂಬ್ ಕಿಟಕಿಯಾಚೆ ನೋಡತೊಡಗಿದ.

ಆಮೇಲೆ ಶರಣು ಕಣ್ಣಿನಿಂದ ನೆಟ್‌ಬುಕ್ ತೋರಿಸಿದ. ನನಗೆ ಅರ್ಥವಾಗಲಿಲ್ಲ ಎಂದುಕೊಂಡು ಮತ್ತೆ ತೋರಿಸಿದ. ಹಲಗೆಯ ಮೇಲೆ ಇಟ್ಟೆವು. ಕೀ ಇಳಿಸಲು ಅವನಿಗೆ ಮೂರು ಸಲ ಪ್ರಯತ್ನ ಬೇಕಾಯಿತು. ಹಣೆಯಲ್ಲಿ ಬೆವರು ಬಂತು.

"ಅಣ್ಣಾ, ಇದು ಬಿಗಿ ಅದ. ಹಟ ಮಾಡಬ್ಯಾಡ" ಎಂದಳು ಮಹಾದೇವಿ.

ಬೆರಳು ಎದ್ದಿತು. ಮತ್ತೆ ಸಾಲು, ಮತ್ತೆ ಅಕ್ಷರ. ಒಳಗೆ ಚಾ ಸೋಸುವ ಸದ್ದು ಕೇಳುತ್ತಿತ್ತು, ಮಹಾದೇವಿ ದನಿ ತಗ್ಗಿಸಿ ಓದಿದಳು: "ಬರೋ ವರ್ಷನೂ ಅವ್ವ ಪೂಜಿಗಿಡ್ತಾಳ. ಬ್ಯಾಡನಬ್ಯಾಡ್ರಿ. ಅಕಿಗಿ ಹೇಳಬ್ಯಾಡ್ರಿ."

ಅಂಗಡಿಯಲ್ಲಿ ನೂರಾರು ಜನ ನನ್ನ ಎದುರಿಗೆ ಕುಳಿತು ಲ್ಯಾಪ್‌ಟಾಪ್ ಆರಿಸಿದ್ದಾರೆ. ಬಣ್ಣ ನೋಡಿ ಆರಿಸಿದ್ದಾರೆ, ನೆರೆಮನೆಯವರದನ್ನು ನೋಡಿ ಆರಿಸಿದ್ದಾರೆ. ತನಗೆ ಉಳಿದಿರುವ ಒಂದೇ ಬೆರಳಿಗೆ ನೋವಾಗುವುದನ್ನು, ತಾಯಿಯ ಪೂಜೆಯನ್ನು ತಡೆದುಕೊಳ್ಳುತ್ತದೆ ಎಂಬ ಕಾರಣಕ್ಕೆ ಆರಿಸಿದವನು ಅವನೊಬ್ಬನೇ. ನಾನು ಮುಂದೆ ವಾದ ಮಾಡಲಿಲ್ಲ. ಮೆಹಬೂಬ್ ಬೇಕಾದ ಕೀಗಳನ್ನು ಒಂದೊಂದಾಗಿ ಬಿಚ್ಚಿ, ಕೆಳಗಿನ ರಬ್ಬರನ್ನು ಬ್ಲೇಡಿನಿಂದ ಸವರಿ ತೆಳುಮಾಡಿದ. ಬಿಗಿ ಅರ್ಧ ಇಳಿಯಿತು. ಪೂರ್ತಿ ಇಳಿಯಲಿಲ್ಲ.

ನಾಗಮ್ಮ ಚಾ ತಂದರು. ಎಲ್ಲರಿಗೂ ಕೊಟ್ಟು, ನನ್ನ ಎದುರಿಗೆ ನೆಲದ ಮೇಲೆ ಕುಳಿತು ನೇರವಾಗಿ ಕೇಳಿದರು.

"ಸಾಹೇಬ್ರ, ಖರೇ ಹೇಳ್ರಿ. ನಾ ಪೂಜಿ ಮಾಡಿದ್ದಕ್ಕ ಕೆಟ್ಟತೇನು?"

"ಇಲ್ಲವ್ವಾ. ಹಳೀ ಮಷೀನು. ವಯಸ್ಸಾಗಿತ್ತು."

"ಮತ್ತ ಅವನ ದನಿ?"

"ಅದು ಸಿಗೂದಿಲ್ಲವ್ವಾ."

ಆ ಎರಡನೆಯದನ್ನು ಹೇಳಲೇಬೇಕಿತ್ತು. ನಾಗಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಅಳುವ ಸದ್ದು ಮಗನಿಗೆ ಕೇಳಬಾರದೆಂದು ಅಷ್ಟು ಬಿಗಿಯಾಗಿ ಒತ್ತಿಕೊಂಡದ್ದು. ಆದರೆ ಮಗನ ಕಣ್ಣು ಅವರ ಮೇಲೆಯೇ ಇತ್ತು.

ಉಳಿದದ್ದು ಹೊಸ ದನಿಯ ಪ್ರಶ್ನೆ. ಗಂಡಸಿನ ದನಿ ಆಗಬೇಕೆಂದು ಮೆಹಬೂಬ್ ತಾನೇ ಮೈಕಿನ ಮುಂದೆ ಕುಳಿತು "ಅವ್ವಾ, ನೀರ ಕೊಡು" ಎಂದ. ಅವನ ಕನ್ನಡದಲ್ಲಿ ಕಲಬುರಗಿಯ ರೋಜಾ ಬಡಾವಣೆಯ ಗಲ್ಲಿಯ ದಖ್ಖನಿ ಉರ್ದು ಇಣುಕುತ್ತದೆ. ನುಡಿಸಿ ಕೇಳಿಸಿದೆವು. ನಾಗಮ್ಮ ಕಣ್ಣೊರೆಸಿಕೊಂಡು, "ಚಲೋ ಅದ ತಮ್ಮಾ ನಿನ್ನ ದನಿ. ಆದ್ರ ಇದು ಕೇಳಿದ್ರ ನೀರಲ್ಲ, ಬಿರ್ಯಾನಿ ಕೊಡಬೇಕನಸ್ತದ" ಎಂದರು. ಎಲ್ಲರಿಗಿಂತ ಮೊದಲು ನಕ್ಕವನು ಮೆಹಬೂಬ್. ನಗು ನಿಂತ ಮೇಲೆ ಅವರು ಮೆಲ್ಲಗೆ, "ಯಾರೋ ಕರದ್ರ ನಾ ಹೆಂಗ ಏಳ್ಲಿ, ಒಲಿ ಮುಂದಿಂದ?" ಎಂದರು. ಅದೂ ನಿಜ. ಕರಿಯ ಟಿಕಳಿಯ ಕರೆಗೆ ಅವರು ಓಡಿ ಬರಬೇಕಾಗಿತ್ತು. ಯಾರು ಬಂದರೆಂದು ಬಾಗಿಲ ಕಡೆ ನೋಡುತ್ತ ನಿಲ್ಲುವ ಹಾಗಿರಲಿಲ್ಲ.

"ಹಂಗಾರ ನಾನ ಹೇಳ್ತೀನಿ" ಎಂದಳು ಮಹಾದೇವಿ.

ಶರಣುವಿನ ಬೆರಳು ಎದ್ದಿತು. ಕೂಡಿದ ಮಾತು: "ಮಾದೇವಿ ಬ್ಯಾಡ. ಸಾಲಿ ಹುಡುಗರಿಗಿ ಬೈದಂಗ ಬೈತಾಳ." ಆಕೆ ಅಣ್ಣನ ಕಾಲಿಗೆ ಹಗುರಾಗಿ ಒಂದೇಟು ಕೊಟ್ಟು, "ಮತ್ತ ಯಾರದು ಬೇಕು, ಹೇಳು ಕಂಟ್ರೋಲರ್ ಸಾಹೇಬ" ಎಂದು ಸಾಲು ಶುರು ಮಾಡಿದಳು. ಈ ಸಲ ಅವನು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಮೊದಲ ಸಾಲಿನ ಮೊದಲ ಅಕ್ಷರಕ್ಕೇ ಬೆರಳು ಎದ್ದಿತು.

"ಅವ್ವನ ದನಿ."

ಅಂದಿನಿಂದ ನನ್ನ ಅಂಗಡಿಗೆ ಯಾವ ಯಂತ್ರ ಬಂದರೂ, ಏನು ಕೆಟ್ಟಿದೆ ಎಂದು ಕೇಳುವ ಮೊದಲು, ಇದರಲ್ಲಿ ಯಾರ ದನಿ, ಯಾರ ಮುಖ ಇದೆ ಎಂದು ಕೇಳಿದ್ದೇನೆ. ಇದ್ದರೆ ಅದನ್ನು ಬೇರೆ ಕಡೆ ಇಳಿಸಿಕೊಟ್ಟ ಮೇಲೆಯೇ ಮುಂದಿನ ಕೆಲಸ. ಈ ವೃತ್ತಿ ನನಗೆ ಕಲಿಸಿದ್ದು ಅಷ್ಟೇ, ಕಲಿತದ್ದು ಅವರ ಮನೆಯಲ್ಲಿ.

ನಾಗಮ್ಮನನ್ನು ಮೈಕಿನ ಮುಂದೆ ಕೂರಿಸಿದೆವು. ಮೊದಲ ಸಲ ಅವರು, "ಶರಣ್ಯಾಗ ನೀರ ಬೇಕಾಗ್ಯಾದ" ಎಂದರು.

"ಹಂಗಲ್ಲಬೇ. ನೀನ ಶರಣ್ಯಾ ಅಂತ ತಿಳಕೊ. ಅವ್ವಾ ಅಂತ ಕರಿ" ಎಂದಳು ಮಹಾದೇವಿ.

"ನಾ ಯಾರಿಗಿ ಅವ್ವಾ ಅನ್ಲಿ? ನನ್ನ ಮೋತಿ ನಾನ ನೋಡಿ ಅನ್ಲೇನು?"

ಅವರು ಮಗನ ಕಡೆ ನೋಡಿದರು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ, ಕಣ್ಣು ಮುಚ್ಚಿ, ಸಣ್ಣ ಕೂಸಿನ ಹಾಗೆ ಕೊನೆಯನ್ನು ಎಳೆದು ಕರೆದರು: "ಅವ್ವಾ... ನೀರ ಕೊಡು." ಮೆಹಬೂಬ್ ರೆಕಾರ್ಡ್ ನಿಲ್ಲಿಸುವುದನ್ನು ಮರೆತ, ನಾನು ಕೈ ಚಾಚಿ ನಿಲ್ಲಿಸಿದೆ. ಅದಾದ ಮೇಲೆ ಉಳಿದ ಮಾತುಗಳನ್ನೂ ಒಂದೊಂದಾಗಿ ಹೇಳಿದರು. ಮಗ್ಗಲಾ ಬದಲಿಸ. ಸೆಕಿ ಆಗ್ಯಾದ. ಕಿಡಕಿ ತಗಿ. ಲಗೂನ ಬಾ, ಉಸುರು ಹಿಡೀತದ. ಕೊನೆಯದನ್ನು ಹೇಳುವಾಗ ಎರಡು ಸಲ ತಡೆದರು, ಮೂರನೆಯ ಸಲ ಹೇಳಿ ಮುಗಿಸಿದರು.

ಎಲ್ಲವನ್ನೂ ಎರಡು ಸಿ.ಡಿ.ಗೆ ಪ್ರತಿ ಮಾಡಿ, ಒಂದನ್ನು ಮಹಾದೇವಿಗೆ ಕೊಟ್ಟು ಇನ್ನೊಂದನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಆಮೇಲೆ ಪರೀಕ್ಷೆ. ನಾಗಮ್ಮನನ್ನು ಒಲೆಯ ಮುಂದೆ ಹೋಗಿ ಕೂರಲು ಹೇಳಿದೆ. ಶರಣು ಬೆರಳನ್ನು ಸರಿಸಿ ಸರಿಸಿ ಕೀಯ ಮೇಲೆ ತಂದ. ಒತ್ತಿದ, ಇಳಿಯಲಿಲ್ಲ. ಮತ್ತೆ ಒತ್ತಿದ.

"ಅವ್ವಾ... ನೀರ ಕೊಡು."

ಪಡಸಾಲೆಯಲ್ಲಿ ನಾಗಮ್ಮನ ದನಿ ನಾಗಮ್ಮನನ್ನು ಕರೆಯಿತು. ಒಳಗೆ ಬಳೆಯ ಸದ್ದು, ಹಂಡೆಯ ಮುಚ್ಚಳ ತೆಗೆದ ಸದ್ದು.

"ಬಂದ್ನೆಪ್ಪಾ, ಬಂದ್ನಿ."

ತಂಬಿಗೆ ಹಿಡಿದು ಬಂದು, ಮಗನ ತಲೆಯನ್ನು ಮೊಣಕೈ ಮೇಲೆ ಎತ್ತಿ, ಚಮಚದಿಂದ ಒಂದೊಂದೇ ಗುಟುಕು ಹಾಕಿದರು. ಒಲೆಯ ಮುಂದೆ ದನಿ ಸ್ಪಷ್ಟವಾಗಿ ಕೇಳಿತೇ ಎಂದು ನಾನು ಕೇಳಿದೆ. ಸ್ವಲ್ಪ ಸಣ್ಣಾತು ಎಂದರು. ಸ್ಪೀಕರಿನ ಶಬ್ದವನ್ನು ಕೊನೆಯವರೆಗೆ ಏರಿಸಿದೆ. ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.